ಮಾವನ ಹಿನ್ನೀರಿನಲ್ಲಿ ನಾನು ಹಕ್ಕಿಯಾದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ವಿದ್ಯುತ್ ಕಂಪನಿಯ ಪಕ್ಷಿ ಸಮೀಕ್ಷೆಯಲ್ಲಿ ಕೆಲವು ನಿಮಿಷಗಳ ಕಾಲ ನಾನು ಅಧಿಕೃತವಾಗಿ ಹಕ್ಕಿಯಾಗಿದ್ದೆ! ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಮನೆಯ ಮಿಕ್ಸಿಯವರೆಗೆ ಎಲ್ಲರ ದನಿಯನ್ನೂ ಅಣಕಿಸಿ ಬೈಸಿಕೊಂಡವನು ನಾನು. ಆದರೆ ವಿಜ್ಞಾನಕ್ಕೆ ನನ್ನಿಂದ ಕೊಡುಗೆ ಸಂದದ್ದು ಅದೊಂದೇ ಸಲ. ಇದಕ್ಕೆಲ್ಲ ಕಾರಣ ನನ್ನ ಸೋದರಮಾವ.

ಮಾವ ತಿರುವೊಟ್ಟಿಯೂರಿನ ಆಚೆ, ಕಡಲಂಚಿನ ವಿದ್ಯುತ್ ಸ್ಥಾವರದಲ್ಲಿ ಪರಿಸರ ಅಧಿಕಾರಿ. ಅಂದರೆ, ಕಂಪನಿಯ ಸಂಬಳ ತಿಂದು ಕಂಪನಿಯ ತಪ್ಪನ್ನೇ ಹುಡುಕುವ ಕೆಲಸ! ಬೇರೆಯವರಾದರೆ ಇಂಥದ್ದನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಾರೆ. ಮಾವ ಮೈಲಾಪೂರಿನ ಮನೆಗೂ ಹೊತ್ತು ತರುತ್ತಾರೆ. ಯಂತ್ರವನ್ನು ತಂಪಾಗಿಸಿದ ಬಿಸಿನೀರು ಸಮುದ್ರ ಸೇರುವ ಮುನ್ನ ಎಷ್ಟು ಆರಿದೆಯೆಂದು ಅಲ್ಲಿ ಅಳೆಯುವವರು, ಇಲ್ಲಿ ಸ್ನಾನದ ಬಕೆಟ್ಟಿಗೂ ಥರ್ಮಾಮೀಟರ್ ಇಳಿಬಿಡುತ್ತಾರೆ.

“ರೀ, ಸ್ನಾನ ಮಾಡ್ತೀರೋ, ಇನ್ಸ್‌ಪೆಕ್ಷನ್ ಮಾಡ್ತೀರೋ?” ಹೊರಗಿನಿಂದ ಅತ್ತೆ.

“ಇಷ್ಟು ಬಿಸಿಗೆ ಮೀನು ಸತ್ತೇಹೋಗುತ್ತೆ ಕಣೇ!”

“ಒಳಗಿರೋದು ಮೀನಲ್ಲ, ನೀವು! ಬೇಗ ಮುಗಿಸಿ, ಇಡ್ಲಿ ಆರ್ತಿದೆ!”

ಸೀರೆ ಕೊಳ್ಳಲು ಟಿ. ನಗರಕ್ಕೆ ಹೋದಾಗ ಜೇಬಿನಲ್ಲಿ ಶಬ್ದ ಅಳೆಯುವ ಯಂತ್ರ. ಅಂಗಡಿಯ ಧ್ವನಿವರ್ಧಕದೆದುರು ಅದನ್ನು ಹಿಡಿದು, “ತಂಬಿ, ಎಂಗ ಟರ್ಬೈನೇ ಪರವಾಯಿಲ್ಲೆ ಪಾ!” ಎಂದರು, ಇದಕ್ಕಿಂತ ನಮ್ಮ ಟರ್ಬೈನೇ ವಾಸಿ ಎಂಬರ್ಥದಲ್ಲಿ. ಅಂಗಡಿಯವನು ಹೊಗಳಿಕೆಯೆಂದು ತಿಳಿದು ಇನ್ನಷ್ಟು ಜೋರು ಮಾಡಿದ!

ಹೀಗಿರುವಾಗ ಕಂಪನಿ ಹೊಸ ಪೈಪೊಂದನ್ನು ಪಕ್ಕದ ಹಿನ್ನೀರಿನ ಕೆಸರುಬಯಲ ನಡುವೆಯೇ ಎಳೆಯಲು ಹೊರಟಿತು. ಅಲ್ಲಿ ವಲಸೆ ಹಕ್ಕಿಗಳು ಮೇಯುತ್ತವೆ, ಪೈಪನ್ನು ರಸ್ತೆ ಬದಿಗೆ ಒಯ್ಯಿರಿ ಎಂದು ಮಾವ ಪಟ್ಟು ಹಿಡಿದರು. “ಕಾಗೆ ಬಿಟ್ಟರೆ ಅಲ್ಲೇನಿದೆ?” ಎಂದರು ಜನರಲ್ ಮ್ಯಾನೇಜರ್. ಕೊನೆಗೆ, ಹೊರಗಿನ ಪಕ್ಷಿತಜ್ಞೆಯೊಬ್ಬರು ಬಂದು ನೋಡಿ ಹೇಳಿದಂತೆ ಆಗಲಿ ಎಂದು ತೀರ್ಮಾನವಾಯಿತು.

ಸಮೀಕ್ಷೆಗೆ ಮ್ಯಾನೇಜರು ತಮ್ಮ ಮೀಟಿಂಗಿಗೆ ಹೊಂದುವ ಹೊತ್ತು ಗೊತ್ತುಮಾಡಿದರು. ಅದೋ, ಕಡಲು ಉಬ್ಬರದ ಹೊತ್ತು! ಕೆಸರೆಲ್ಲ ನೀರಿನಡಿ.

“ಎಲೆ ಮುಚ್ಚಿಟ್ಟು ಊಟಕ್ಕೆ ಯಾರೂ ಬಂದಿಲ್ಲ ಅಂದ್ರೆ ಹೇಗೆ ಸಾರ್? ನೀರು ಇಳೀಲಿ,” ಎಂದು ಮಾವ ಗೋಗರೆದರು. (ಮಾತೆಲ್ಲ ನಡೆದದ್ದು ತಮಿಳಿನಲ್ಲಿ, ಕನ್ನಡ ಡಬ್ಬಿಂಗ್ ಈ ಬಡಪಾಯಿಯದು.) ಮ್ಯಾನೇಜರು ಗಡಿಯಾರ ನೋಡಿದರು. ಕಾಗೆ ಕೂಡ ಕೂಗಲಿಲ್ಲ! ಸಾಮಾನು ಹೊರಲು ಬಂದಿದ್ದ ನನಗೆ ಮಾವನ ಮುಖ ನೋಡಲಾಗಲಿಲ್ಲ. ಮೆಲ್ಲಗೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಪೊದೆಯ ಹಿಂದೆ ಸರಿದೆ. ಮಾವ ದಿನವೂ ಮೊಬೈಲಿನಲ್ಲಿ ಕೇಳಿಸಿ ಪ್ರಾಣ ತಿನ್ನುತ್ತಿದ್ದ ಡೊಂಕುಕೊಕ್ಕಿನ ಹಕ್ಕಿಯ ಕೂಗನ್ನು ಹೊರಡಿಸಿದೆ: “ಕುರ್ಲೀ... ಕುರ್ಲೀ!”

ತಜ್ಞೆ ಕುಣಿಯುವುದೊಂದು ಬಾಕಿ. ಬರೆದೇಬಿಟ್ಟರು! ಮ್ಯಾನೇಜರ ಮುಖ ಬಾಡಿತು. ಗೆದ್ದ ಹುಮ್ಮಸ್ಸಿನಲ್ಲಿ ನಾನು ಇನ್ನೊಮ್ಮೆ, ತುಸು ಆಲಾಪನೆ ಸೇರಿಸಿ ಕೂಗಿದೆ.

“ಹೊಡೆದುಹಾಕಿ ಮೇಡಂ,” ಎಂದರು ಮಾವ. “ಅದು ಹಕ್ಕಿಯಲ್ಲ. ನಮ್ಮಕ್ಕನ ಮಗ.”

ಪೊದೆಯಿಂದ ಈಚೆ ಬಂದೆ, ಮೊಣಕಾಲವರೆಗೆ ಕೆಸರು, ಮೇಲೆಲ್ಲ ಮರ್ಯಾದೆಗೇಡು. ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕರು. ತಜ್ಞೆ ನಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ಮಾವನನ್ನೊಮ್ಮೆ ನೋಡಿ, ಮಡಿಸುವ ಸ್ಟೂಲು ಬಿಡಿಸಿ ಕೂತರು. “ಸರಿ. ನೀರು ಇಳೀಲಿ.”

ಇಳಿಯಿತು. ಮೊದಲು ಕೆಸರಿನ ಒಂದು ಅಂಚು ಮಿನುಗಿತು. ಆಮೇಲೆ ಬಂದವು ನೋಡಿ, ಗುಂಪು ಗುಂಪಾಗಿ, ಮದುವೆಯ ಮೊದಲ ಪಂಕ್ತಿಗೆ ನುಗ್ಗುವ ನೆಂಟರ ಹಾಗೆ! ಡೊಂಕುಕೊಕ್ಕಿನವು, ನೀಳಗಾಲಿನವು, ಹೆಸರೇ ಗೊತ್ತಿಲ್ಲದವು. ಅಸಲಿ ಕೂಗು ಕೇಳಿದ ಮೇಲೆ ನನ್ನದು ಎಷ್ಟು ಕಳಪೆ ನಕಲೆಂದು ತಿಳಿಯಿತು.

ಮ್ಯಾನೇಜರು ಸೋಲೊಪ್ಪುವವರೇ? “ಇವತ್ತೇನೋ ಬಂದಿವೆ. ದಿನಾ ಬರ್ತವೆ ಅನ್ನೋಕೆ ಏನು ಸಾಕ್ಷಿ? ಇವರ ಮಾತಾ? ಅಳಿಯನ್ನ ಪೊದೇಲಿ ಕೂರಿಸೋರ ಮಾತು!”

ಮಾವ ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದಿದ್ದರು. ಅದರ ಕೆಳಗಿನಿಂದ ಕೆನ್ನೆಗೆ ನೀರು ಇಳಿಯುತ್ತಿತ್ತು. ಇನ್ನೊಂದು ಕೈ ನನ್ನ ಹೆಗಲ ಮೇಲಿತ್ತು. ಯಾರನ್ನೂ ಬಿಡದೆ ಅಣಕಿಸುವ ನಾನು ಆ ಮುಖವನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಮಾಡಿ ತೋರಿಸಿಲ್ಲ.

ಉತ್ತರ ಕೊಟ್ಟದ್ದು ತಜ್ಞೆ, ಸ್ಟೂಲಿನಿಂದ ಏಳದೆಯೇ:

“ಸಾರ್, ಹಕ್ಕಿ ಇಲ್ಲದಾಗ ಇಲ್ಲ ಅಂತ ಹೇಳಿದೋರು ಇವರು. ಇವರು ದಿನಾ ಬರ್ತವೆ ಅಂದ್ರೆ ದಿನಾ ಬರ್ತವೆ. ನಿಮ್ಮ ಪೈಪು ರಸ್ತೆ ಕಡೆಗೆ!”