ಮೊದಲ ಬಸ್ಸಿಗೆ ಬಂದ ವೇಲ್

ಇನ್ನೊಬ್ಬರು ಯಾವ ಬಟ್ಟೆ ಹಾಕಿಕೊಳ್ಳಬೇಕು ಎಂಬುದರ ಬಗ್ಗೆ ನನಗಿರುವಷ್ಟು ಖಚಿತವಾದ ಅಭಿಪ್ರಾಯ, ನಾನೇನು ಹಾಕಿಕೊಳ್ಳಬೇಕು ಎಂಬುದರ ಬಗ್ಗೆ ಎಂದೂ ಇದ್ದದ್ದಿಲ್ಲ. ಮದುವೆಗೆ ಮುಂಚೆ ನನ್ನ ಅಂಗಿಯನ್ನು ನಮ್ಮವ್ವ ತೆಗೆದಿಡುತ್ತಿದ್ದಳು, ಮದುವೆಯಾದ ಮೇಲೆ ಹೆಂಡತಿ ಸರೋಜಾ ತೆಗೆದಿಡುತ್ತಾಳೆ. ನಡುವೆ ಹಾಸ್ಟೆಲಿನಲ್ಲಿ ಕಳೆದ ಕಾಲದಲ್ಲಿ, ರೂಮಿನ ಗೆಳೆಯ ಯಾವುದನ್ನು ಬೇಡವೆಂದು ಬಿಟ್ಟು ಹೋಗುತ್ತಿದ್ದನೋ ಅದನ್ನು ಹಾಕಿಕೊಳ್ಳುತ್ತಿದ್ದೆ. ಇಂಥ ನನ್ನನ್ನು ನಮ್ಮ ಕಾಲೇಜಿನ ವಸ್ತ್ರಸಂಹಿತೆ ಸಮಿತಿಗೆ ಸಂಚಾಲಕನನ್ನಾಗಿ ಮಾಡಿದರು. ಸುದ್ದಿ ಕೇಳಿದ ಸರೋಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ನಿಮ್ಮನ್ನ? ಬಟ್ಟಿ ಕಮಿಟಿಗೆ?" ಎಂದಷ್ಟೇ ಕೇಳಿ ಮತ್ತೆ ಬಡಿಯತೊಡಗಿದಳು. ಆ ದಿನದ ರೊಟ್ಟಿಗಳೆಲ್ಲ ಅಂಚಿನಲ್ಲಿ ಹರಿದಿದ್ದವು. ನಗುತ್ತ ಬಡಿದರೆ ಹಾಗೇ ಆಗುತ್ತದೆ.

ನಾನು ಮಾನ್ವಿಯವನು. ರಾಯಚೂರಿನ ಒಂದು ಸ್ನಾತಕೋತ್ತರ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ; ಹೇಳಿದರೆ ನಾಳೆ ನನ್ನ ಮೇಜಿನ ಮೇಲೆ ನೋಟಿಸು ಬಿದ್ದಿರುತ್ತದೆ. ಕನ್ನಡ ಮೇಷ್ಟ್ರು ಎಂದ ಮೇಲೆ ಸಂಸ್ಕೃತಿ ಇವರ ಬಳಿ ಸ್ಟಾಕಿನಲ್ಲಿ ಇದ್ದೇ ಇರುತ್ತದೆ ಎಂಬುದು ನಮ್ಮ ಪ್ರಿನ್ಸಿಪಾಲರ ನಂಬಿಕೆ. ಸರಸ್ವತಿ ಪೂಜೆಗೆ, ನಾಡಗೀತೆಗೆ, ಯಾರಾದರೂ ತೀರಿಕೊಂಡರೆ ಎರಡು ಒಳ್ಳೆಯ ಮಾತಿಗೆ, ಎಲ್ಲಕ್ಕೂ ನನ್ನನ್ನೇ ಕರೆಯುತ್ತಾರೆ. ಅವರು ಯಾವುದೋ ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೆ ಸಭೆಗೆಂದು ಹೋಗಿ, ಅಲ್ಲಿ ವಿದ್ಯಾರ್ಥಿಗಳೆಲ್ಲ ಒಂದೇ ನಮೂನೆಯ ಬಟ್ಟೆಯಲ್ಲಿ ಓಡಾಡುವುದನ್ನು ಕಣ್ತುಂಬ ನೋಡಿ ಬಂದಿದ್ದರು. "ಮಾಸ್ತರ್ರ, ಏನ್ ಶಿಸ್ತು ಅಂತೀರಿ! ನಮ್ಮವು ನೋಡ್ರಿ, ಸಂತಿಗೆ ಬಂದಂಗ ಬರ್ತಾವ" ಎಂದರು. "ಹೌದ್ರಿ ಸರ" ಎಂದೆ. ನನ್ನ ಇಡೀ ಸೇವೆಯಲ್ಲಿ ಅವರಿಗೆ "ಬ್ಯಾಡ್ರಿ" ಎಂದದ್ದು ಒಮ್ಮೆ ಮಾತ್ರ, ಅದೂ ಚಹಾಕ್ಕೆ ಇನ್ನಷ್ಟು ಸಕ್ಕರೆ ಹಾಕಿಸಲೇ ಎಂದು ಕೇಳಿದಾಗ. ಎಂ.ಎ. ಓದುವವರು ವೋಟು ಹಾಕುತ್ತಾರೆ, ಕೆಲವರಿಗೆ ಮದುವೆಯೂ ಆಗಿದೆ, ಅಂಥವರಿಗೆ ಅಂಗಿ ಆರಿಸಲು ಬರುವುದಿಲ್ಲವೇ ಎಂಬ ಪ್ರಶ್ನೆ ನನಗೆ ಹೊಳೆದಿತ್ತು. ಹೊಳೆದದ್ದು ಮನೆಗೆ ಬಂದ ಮೇಲೆ.

ಆದರೆ ಸಂಹಿತೆ ಬರೆಯುವಾಗ ಸಿಕ್ಕ ಸುಖ ಹೇಳತೀರದು. "ಧರಿಸತಕ್ಕದ್ದು", "ಬರತಕ್ಕದ್ದಲ್ಲ" ಎಂದು ಬರೆಯುತ್ತ ಹೋದಂತೆ ನನ್ನ ಕುರ್ಚಿಯೇ ಎತ್ತರವಾದ ಹಾಗನಿಸಿತು. ಟೀ ಶರ್ಟು ಎಂದು ಬರೆಯಲು ಮಾತ್ರ ಕನ್ನಡದ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೂ ಬನಿಯನ್ ಎಂದೇ ಅನ್ನುತ್ತಾರೆ. ಹಾಗಾಗಿ "ಬನಿಯನ್ ಧರಿಸಿ ತರಗತಿಗೆ ಬರತಕ್ಕದ್ದಲ್ಲ" ಎಂದು ಬರೆದು, ಒಂದು ಕನ್ನಡ ಪದ ಉಳಿಸಿದೆನೆಂದು ಬೀಗಿದೆ. ಬನಿಯನ್ ಯಾವಾಗಿನಿಂದ ಕನ್ನಡವಾಯಿತು ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಸಂಹಿತೆಯ ಕಾಗದವನ್ನು ಗೇಟಿನ ಗೋಡೆಗೆ ಅಂಟಿಸಿದ ಮರುದಿನ ಹುಡುಗರ ಗುಂಪೊಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಅಂಗಿಯ ಮೇಲಿನ ಗುಂಡಿಗೆ ಕೈಹಾಕಿ, "ಸರ, ಒಳಗಿಂದು ತಗದ ಬಂದೀವ್ರಿ. ಚೆಕ್ ಮಾಡ್ತೀರೇನ್ರಿ?" ಎಂದು ಬಹಳ ವಿನಯದಿಂದ ಕೇಳಿತು. ರಾಯಚೂರಿನ ಬಿಸಿಲಿನಲ್ಲಿ ಒಳಗೆ ಬೆವರು ಹೀರುವ ಬನಿಯನ್ ಇಲ್ಲದಿದ್ದರೆ ಮೇಲಿನ ಅಂಗಿಯ ಗತಿ ಏನಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಶಿಸ್ತು ತರಲು ಹೋಗಿ ಇಡೀ ತರಗತಿಯನ್ನು ತೋಯಿಸಿ ಕೂರಿಸಿದ್ದೆ.

ಇದು ಹುಡುಗರ ಕಥೆ. ಹುಡುಗಿಯರಿಗೆ ನಾನು ಬರೆದದ್ದು ಒಂದೇ ಸಾಲು: "ಚೂಡಿದಾರದ ಮೇಲೆ ವೇಲ್ ಕಡ್ಡಾಯವಾಗಿ ಧರಿಸತಕ್ಕದ್ದು." ಭುಜದ ಮೇಲೆ ಹಾಕಿಕೊಳ್ಳುವ ಆ ಉದ್ದನೆಯ ತೆಳು ಬಟ್ಟೆಯಲ್ಲಿ ಕಾಲೇಜಿನ ಮರ್ಯಾದೆಯೆಲ್ಲ ಅಡಗಿದೆ ಎಂದು ನಾನೂ ನಂಬಿದ್ದೆ. ಅದು ಇನ್ನೂ ಏನೇನಕ್ಕೆ ಬೇಕಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಹುಲಿಗೆಮ್ಮನಿಂದ.

ಹುಲಿಗೆಮ್ಮ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹುಡುಗಿ, ನಮ್ಮ ಎಂ.ಎ. ಎರಡನೆಯ ವರ್ಷದವಳು. ಅವಳ ಅವ್ವ ಪ್ರತಿ ಹಂಗಾಮಿಗೂ ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಭತ್ತದ ನಾಟಿ ಹಚ್ಚಲು ಹೋಗುತ್ತಾಳೆ. ಅಲ್ಲಿ ಹೆಣ್ಣುಮಕ್ಕಳು ಹೇಳುವ ಹಾಡುಗಳನ್ನು ಈ ಹುಡುಗಿ ಕೂಡಿಸಿಕೊಂಡು ಬಂದು ಸೆಮಿನಾರಿಗೆ ಸಿದ್ಧಳಾಗಿದ್ದಳು. ಸೆಮಿನಾರಿನ ಅಂಕ ಕೊಡಲು ಹೊರಗಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಸೆಮಿನಾರು, ಮಧ್ಯಾಹ್ನದ ರೈಲಿಗೆ ಅವರು ವಾಪಸ್. ಅಷ್ಟರಲ್ಲಿ ಮಾತಾಡದವರಿಗೆ ಸೊನ್ನೆ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಗೇಟಿನ ಕಡೆ ಗಲಾಟೆ ಕೇಳಿ ಹೋದೆ. ಗೇಟಿನ ಹೊರಗೆ ಹುಲಿಗೆಮ್ಮ, ಒಳಗೆ ಕಾವಲಿನ ಕಾಸಿಂ ಚಾಚಾ. ಹುಡುಗಿಯ ಮೈಮೇಲೆ ಒಳ್ಳೆಯ ಹಳದಿ ಚೂಡಿದಾರ ಇತ್ತು, ವೇಲ್ ಇರಲಿಲ್ಲ.

"ಬಿಡಪ್ಪ ಚಾಚಾ, ಸೆಮಿನಾರ್ ಅದ ಆಕೀದು" ಎಂದೆ.

"ನಾ ಹ್ಯಾಂಗ ಬಿಡ್ಲಿ ಸಾಹೇಬ್ರ? ಹುಕುಂ ನಿಮ್ದ ಅದ. ಕೆಳಗ ನಿಮ್ದ ದಸ್ಕತ್ ಅದ" ಎಂದು ಚಾಚಾ ಗೋಡೆಯ ಕಡೆ ಬೆರಳು ಮಾಡಿದರು. ನನ್ನ ಸಹಿ ಅಲ್ಲಿ ನನ್ನನ್ನೇ ಗುರುತಿಸದವರ ಹಾಗೆ ಕೂತಿತ್ತು.

"ಯಾಕವ್ವ, ವೇಲ್ ಎಲ್ಲಿ?" ಎಂದು ಕೇಳಿದೆ.

"ಸರ, ವೇಲ್ ಮೊದಲ್ನೇ ಬಸ್ಸಿಗೆ ಬಂದದ್ರಿ. ನಾ ಎರಡ್ನೇ ಬಸ್ಸಿಗೆ ಬಂದೀನ್ರಿ."

ನನಗೆ ಅರ್ಥವಾಗಲಿಲ್ಲ. ವೇಲ್ ಟಿಕೆಟು ತೆಗೆದುಕೊಂಡು ಬರುವುದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವಳು ಬಿಡಿಸಿ ಹೇಳಿದಳು. ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ಬರುವಾಗಲೇ ಜಾಗ ಹಿಡಿಯಲೆಂದು ಕಿಟಕಿಯಿಂದ ಸೀಟಿನ ಮೇಲೆ ಟವೆಲ್ಲೋ ಕರ್ಚೀಫೋ ಒಗೆಯುತ್ತೇವಲ್ಲ, ಹಾಗೆ ಹುಲಿಗೆಮ್ಮ ತನ್ನ ವೇಲನ್ನು ಒಗೆದಿದ್ದಳು. ಒಗೆದು, ಬಾಗಿಲಿಗೆ ಸುತ್ತಿಬಂದು, ಸಂತೆ ದಿನದ ನೂಕುನುಗ್ಗಲಿನಲ್ಲಿ ಹತ್ತಲಾಗದೆ ಕೆಳಗೇ ಉಳಿದಳು. ಕಂಡಕ್ಟರು ಸೀಟಿ ಊದಿದ. ವೇಲ್ ಕಿಟಕಿಯ ಪಕ್ಕದ ಸೀಟಿನಲ್ಲಿ ಆರಾಮಾಗಿ ರಾಯಚೂರಿಗೆ ಹೊರಟುಹೋಯಿತು.

"ಸರ, ಮೈ ಮುಚ್ಚಾಕ ಚೂಡಿ ಅದಲ್ರಿ" ಎಂದಳು ಹುಲಿಗೆಮ್ಮ. ದನಿ ನಡುಗುತ್ತಿತ್ತು, ಆದರೆ ಮಾತು ತಪ್ಪಲಿಲ್ಲ. "ವೇಲ್ ನಮಗ ಸೀಟ್ ಹಿಡಿಯಾಕ ಬೇಕು, ಬಿಸಿಲಿಗೆ ತಲಿಗೆ ಸುತ್ತಾಕ ಬೇಕು, ಬುತ್ತಿ ಕಟ್ಟಾಕ ಬೇಕು. ನೀವು ಮರ್ಯಾದಿಗಿ ಅಂತ ಬರದೀರಿ. ದುಡಿಯೋ ಬಟ್ಟಿ ಒಂದಿನ ತಪ್ಪಿದ್ರ ನಂದು ಎರಡು ವರ್ಷದ ಓದು ಗೇಟಿನ ಹೊರಗ ನಿಂದರಬೇಕೇನ್ರಿ?"

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಈ ಹುಡುಗಿ ಅಳುತ್ತಾಳೆ ಎಂದು. ನಿಯಮ ಮುರಿ ಎಂದು ಚಾಚಾಗೆ ಹೇಳುವ ಧೈರ್ಯವಂತೂ ನನಗಿರಲಿಲ್ಲ. ಗಟ್ಟಿ ಮನುಷ್ಯನಾಗಿದ್ದರೆ ಆ ಕಾಗದವನ್ನು ಅಲ್ಲೇ ಹರಿದು ಹಾಕುತ್ತಿದ್ದೆ. ನಾನು ಮಾತ್ರ ಬಟ್ಟೆ ಹುಡುಕಲು ಓಡಿದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹಾರ, ಹಣ್ಣು, ಪಕ್ಕದಲ್ಲಿ ಜರಿಯಂಚಿನ ಕೆಂಪು ಶಾಲು. ಎತ್ತಿಕೊಂಡು ಬಂದು ಗೇಟಿನ ಸರಳುಗಳ ನಡುವಿನಿಂದ ಹುಡುಗಿಯ ಹೆಗಲಿಗೆ ಹೊದಿಸಿದೆ. ಚಾಚಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಬರಾಬರ್" ಎಂದು ಗೇಟು ತೆಗೆದರು.

ಹುಲಿಗೆಮ್ಮ ಆ ಶಾಲಿನಲ್ಲೇ ಸಭಾಂಗಣಕ್ಕೆ ಹೋದಳು. ಶಾಲು ಹೊದ್ದವರು ಒಳಗೆ ಬಂದರೆ ಚಪ್ಪಾಳೆ ಹೊಡೆಯುವುದು ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ. ಹಿಂದಿನ ಸಾಲಿನಲ್ಲಿ ಯಾರೋ ಶುರುಮಾಡಿದರು, ಇಡೀ ಸಭಾಂಗಣ ಹೊಡೆಯಿತು. ಹಿರಿಯ ಪ್ರಾಧ್ಯಾಪಕರು ಇವಳು ಯಾರೋ ಹೆಸರಾಂತ ಕಲಾವಿದೆ ಎಂದುಕೊಂಡು ಅರ್ಧ ಎದ್ದು ನಿಂತು ಕೈಮುಗಿದರು. ಆ ಕೈಮುಗಿತ ಹುಡುಗಿಗೆ ಎಲ್ಲಿಂದ ಧೈರ್ಯ ತಂದಿತೋ, ಮೂರು ಹಾಡುಗಳನ್ನು ದನಿ ಎತ್ತಿ ಹಾಡಿಯೇ ತೋರಿಸಿದಳು. ನಾಟಿ ಹಚ್ಚುವವರು ಹಿಂದಕ್ಕೆ ಸರಿಯುವಾಗ ಹಾಡಿನ ಲಯ ಎಲ್ಲಿ ಹೊರಳುತ್ತದೆ ಎಂಬುದನ್ನು ವೇದಿಕೆಯ ಮೇಲೆ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ವಿವರಿಸಿದಳು. ಶಾಲು ಜಾರುತ್ತಿತ್ತು, ಅವಳು ಅದನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಮುಂದುವರಿಸಿದಳು. ಎಷ್ಟೋ ವರ್ಷದ ಮೇಲೆ ನಮ್ಮ ಸೆಮಿನಾರಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಕೊನೆಗೆ ಅತಿಥಿಗಳ ಸನ್ಮಾನ. ತಟ್ಟೆ ಬಂತು, ಹಾರ ಬಂತು, ಶಾಲು ಬರಲಿಲ್ಲ. ಪ್ರಿನ್ಸಿಪಾಲರು ಹಣ್ಣಿನ ಕೆಳಗೂ ಹುಡುಕಿದರು. ಆಮೇಲೆ ಅವರ ಕಣ್ಣು ಹುಲಿಗೆಮ್ಮನ ಸೊಂಟದ ಮೇಲೆ ನಿಂತಿತು, ಅಲ್ಲಿಂದ ನೆಟ್ಟಗೆ ನನ್ನ ಕಡೆ ಬಂತು. ಅವಳು ಗಾಬರಿಯಿಂದ ಗಂಟು ಬಿಚ್ಚತೊಡಗಿದಾಗ ಪ್ರಾಧ್ಯಾಪಕರು ಕೈ ಅಡ್ಡ ಹಿಡಿದರು. "ಇರ್ಲಿ ಬಿಡವ್ವ. ನನಗ ಹೊದಿಸಿದ್ರ ಅದು ಮನ್ಯಾಗ ಟಿ.ವಿ. ಮ್ಯಾಲ ಹೋಗ್ತದ. ನಿನ್ನ ಮ್ಯಾಲ ಸರಿ ಕೂತದ" ಎಂದರು. ಅಂಕವನ್ನೂ ಕೈಬಿಚ್ಚಿ ಕೊಟ್ಟು ರೈಲಿಗೆ ಹೋದರು. ಸಂಜೆ ಹುಲಿಗೆಮ್ಮ ಬಸ್ ನಿಲ್ದಾಣದಲ್ಲಿ ವಿಚಾರಿಸಿದಾಗ ವೇಲನ್ನು ಅಲ್ಲೇ ಮಡಚಿ ಇಟ್ಟಿದ್ದರಂತೆ. ಪಕ್ಕದ ಸೀಟಿನ ಮುದುಕಿಯೊಬ್ಬಳು, "ಯಾರೋ ಹುಡುಗಿ ಹಾಕ್ಯಾಳ, ಬರ್ತಾಳ" ಎಂದು ರಾಯಚೂರಿನ ತನಕ ಆ ಸೀಟಿನಲ್ಲಿ ಯಾರನ್ನೂ ಕೂಡಗೊಟ್ಟಿರಲಿಲ್ಲವಂತೆ.

ಮರುದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದರು. ನಾನು ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ್ದೆ. ಅವರು ಹುಲಿಗೆಮ್ಮನನ್ನು ಕೇಳಿದರು: "ನೀನ ಹೇಳವ್ವ, ಏನ್ ಮಾಡಬೇಕು ಈ ನಿಯಮಾನ?" ಅವಳು ಬಹಳ ಹೊತ್ತು ಯೋಚಿಸಲಿಲ್ಲ. "ಸರ, ಮೊದ್ಲು ಒಂದು ತಿಂಗಳು ಸರ್‌ಗಳು ಪಾಲಿಸಿ ನೋಡ್ಲಿ. ಅವರಿಗಿ ಚಲೋ ಅನಿಸಿದ್ರ ನಮಗೂ ಹಚ್ರಿ." ಪ್ರಿನ್ಸಿಪಾಲರಿಗೆ ಇದು ತುಂಬ ಹಿಡಿಸಿತು. ತಮಗೊಬ್ಬರಿಗೆ ವಿನಾಯಿತಿ ಇಟ್ಟುಕೊಂಡು ಆಜ್ಞೆ ಹೊರಡಿಸಿದರು: ಅಧ್ಯಾಪಕರಿಗೆಲ್ಲ ತುಂಬು ತೋಳಿನ ಅಂಗಿ, ಇನ್‌ಶರ್ಟು, ಬೆಲ್ಟು, ಬೂಟು. ವಿದ್ಯಾರ್ಥಿಗಳಿಗೆ ಸದ್ಯಕ್ಕೆ ಏನೂ ಇಲ್ಲ. ಪರಿಶೀಲನಾ ಸಮಿತಿಗೆ ಸಂಚಾಲಕಿ ಹುಲಿಗೆಮ್ಮ.

ನಾನು ವಾರ ತಡೆದೆ. ಬೂಟಿನೊಳಗೆ ಕಾಲು ಬೇಯುತ್ತಿತ್ತು, ಬೆಲ್ಟಿನ ಕೆಳಗೆ ಬೆವರುಸಾಲೆ ಎದ್ದಿತ್ತು, ಮುಂದಿನ ಬೆಂಚಿನವರು ತೆಳುವಾದ ಹತ್ತಿ ಬಟ್ಟೆಯಲ್ಲಿ ತಂಪಾಗಿ ಕೂತು ನನ್ನನ್ನು ಮರುಕದಿಂದ ನೋಡುತ್ತಿದ್ದರು. ಸರೋಜಾ ದಿನಾ ಬಾಗಿಲ ತನಕ ಬಂದು, "ಥೇಟ್ ಮದಿಮಗ ಆಗೀರಿ" ಎಂದು ಕಳಿಸುತ್ತಿದ್ದಳು. ಕಡೆಗೊಂದು ಭಾನುವಾರ ಕೂತು ಅಧ್ಯಾಪಕರೆಲ್ಲರ ಪರವಾಗಿ ಮನವಿ ಬರೆದೆ. ಉಡುಪು ವ್ಯಕ್ತಿಯ ಸ್ವಾತಂತ್ರ್ಯ, ಹವಾಮಾನ ಅರಿಯದ ನಿಯಮ ಅನ್ಯಾಯ, ಪ್ರೌಢರನ್ನು ಮಕ್ಕಳಂತೆ ಕಾಣತಕ್ಕದ್ದಲ್ಲ. ಎಂಥ ಗದ್ಯ! ಬರೆದು ನನಗೇ ರೋಮಾಂಚನವಾಯಿತು. ಸೋಮವಾರ ಬೆಳಿಗ್ಗೆ ಅದೇ ಹುಮ್ಮಸ್ಸಿನಲ್ಲಿ ಓಡಿಹೋಗಿ ಸಂಚಾಲಕಿಯ ಕೈಗೆ ಕೊಟ್ಟೆ. ಹುಲಿಗೆಮ್ಮ ಪೂರ್ತಿ ಓದಿದಳು, ಮೆಚ್ಚಿ ತಲೆಯಾಡಿಸಿದಳು, ಆಮೇಲೆ ಕಣ್ಣನ್ನು ಕಾಗದದಿಂದ ನನ್ನ ಹೊಟ್ಟೆಯ ಕಡೆ ತಿರುಗಿಸಿದಳು.

"ಭಾಳ ಚಲೋ ಬರದೀರಿ ಸರ. ನಾವ ಇದನ್ನ ಬರೀಬೇಕಂತ ಮಾಡಿದ್ವಿ" ಎಂದಳು. "ಆದ್ರ ಅಂಗಿ ಹೊರಗ ಬಂದದ್ರಿ. ಇನ್‌ಶರ್ಟ್ ಮಾಡ್ಕೊಂಡು ಬಂದು ಕೊಡ್ರಿ, ತಗೋತೀನಿ."