ಇನ್ನೂ ಮಾಗದ ಸಿಗಾರು

ಒಂದೂ ಸಿಗಾರು ಸೇದದೆ ಸಿಗಾರು ಪಂಡಿತನಾದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನ ಮನೆ ಬಾಗಲಕೋಟೆಯ ನವನಗರದಲ್ಲಿದೆ, ಮತ್ತು ಅವನು ನನ್ನ ಕಾಕಾ.

ಕಾಕಾ ಇಳಕಲ್ಲಿನ ಗ್ರಾನೈಟ್ ಗಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಆಗ ದಿನಕ್ಕೆ ಎರಡು ಪಾಕೀಟು ಸಿಗರೇಟು ಸುಡುತ್ತಿದ್ದ. ನಿವೃತ್ತನಾದಾಗ, ಕಲ್ಲು ಕೊಳ್ಳಲು ಬರುತ್ತಿದ್ದ ಇಟಲಿಯವನೊಬ್ಬ ಇಪ್ಪತ್ತೈದು ಸಿಗಾರುಗಳ ಡಬ್ಬಿ ಕೊಟ್ಟು, "ಈಗಲೇ ಸೇದಬೇಡ, ಇಟ್ಟಷ್ಟೂ ರುಚಿ" ಎಂದನಂತೆ. ಇದೇನು ನಮಗೆ ಹೊಸ ಮಾತೇ? ಕಾಕಾನ ಹೆಂಡತಿ, ನಮ್ಮ ಕಾಕುವಿನ ನಿಂಬೆಕಾಯಿ ಉಪ್ಪಿನಕಾಯಿ ಹನ್ನೊಂದು ವರ್ಷ ಹಳೆಯದು. ಕಪ್ಪಗೆ ಮಾಗಿ, ಬಾಯಿ ಕೆಟ್ಟವರಿಗೆಲ್ಲ ಓಣಿಯ ಔಷಧಿಯಾಗಿದೆ.

ಸಿಗಾರು ಮಾಗಲು ತೇವ ಬೇಕು. ನಮ್ಮೂರ ಬೇಸಿಗೆಯಲ್ಲಿ ಮನುಷ್ಯರಿಗೇ ತೇವವಿಲ್ಲ! ಕಾಕಾ ಯೋಚಿಸಿ ಯೋಚಿಸಿ, ಉಪ್ಪಿನಕಾಯಿಯ ಖಾಲಿ ಭರಣಿಯೊಂದನ್ನು ತೊಳೆದು, ಒದ್ದೆ ಬಟ್ಟೆಯೊಂದಿಗೆ ಸಿಗಾರುಗಳನ್ನು ಅದರಲ್ಲಿಟ್ಟು, ಬಾಯಿಗೆ ಬಿಳಿ ಅರಿವೆ ಕಟ್ಟಿದ. ತಿಂಗಳ ಮೇಲೆ ಬಿಚ್ಚಿದರೆ ಮನೆಯೆಲ್ಲ ಇಂಗಿನ ಘಮ.

"ಇವನ್ನ ಸೇದಬ್ಯಾಡ್ರಿ, ರೊಟ್ಟಿಗಿ ಹಚ್ಕೊಂಡು ತಿನ್ರಿ" ಎಂದಳು ಕಾಕು.

ಆಮೇಲೆ ಅವು ಅವಳ ಸಾಗವಾನಿ ಪೆಟ್ಟಿಗೆಗೆ ಬಂದವು. ಇಳಕಲ್ ಸೀರೆಗಳು ಹೊರಗೆ, ಸಿಗಾರುಗಳು ಒಳಗೆ. ಪ್ರತಿ ಸೋಮವಾರ ಒದ್ದೆ ಬಟ್ಟೆ ಬದಲಿಸಿ, ಹಪ್ಪಳ ಮಗುಚಿದಂತೆ ಒಂದೊಂದನ್ನೂ ಮಗುಚಿಡುವುದು ಕಾಕಾನ ವ್ರತವಾಯಿತು. ನನ್ನ ಮದುವೆಯ ದಿನ ಒಂದು ಕೇಳಿದೆ. ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಇನ್ನ ಮಾಗಿಲ್ಲೋ" ಎಂದ. ಮಗ ಹುಟ್ಟಿದಾಗಲೂ ಅದೇ ಉತ್ತರ. ಕೊನೆಗೆ ನಾವೆಲ್ಲ ಕಾಡಿದ್ದಕ್ಕೆ, ಎಪ್ಪತ್ತು ತುಂಬಿದ ದಿನ ಮೊದಲನೆಯದನ್ನು ಹಚ್ಚುವುದಾಗಿ ಮಾತು ಕೊಟ್ಟ.

ಆ ದಿನ ಹೋದ ತಿಂಗಳು ಬಂತು. ಗಣಿಯ ಹಳೆಯ ಗೆಳೆಯನೊಬ್ಬ ಹುನಗುಂದದಿಂದ ಕಡ್ಡಿಪೆಟ್ಟಿಗೆ ಸಮೇತ ಬಂದಿದ್ದ.

"ಲೇ, ನೀನ ಹಣ್ಣಾಗಿ ಉದುರಾಕ ಬಂದಿ. ಅದು ಇನ್ನ ಮಾಗಿಲ್ಲೇನು?" ಎನ್ನುತ್ತ ಕಾಕಾನ ತುಟಿಗೆ ಸಿಗಾರಿಟ್ಟು ಕಡ್ಡಿ ಗೀರಿದ. ನಾನು ಫೋಟೋಕ್ಕೆ ಮೊಬೈಲ್ ಎತ್ತಿದೆ. ಒಳಗೆ ಒಗ್ಗರಣೆಯ ಘಾಟಿಗೆ ಕಾಕು ಒಮ್ಮೆ ಕೆಮ್ಮಿದಳು. ಕಾಕಾ ಉಫ್ ಎಂದು ಕಡ್ಡಿ ಆರಿಸಿಬಿಟ್ಟ.

"ಖರೇನ ಮಾಗಿಲ್ಲೋ ಮಾರಾಯಾ."

ನನಗೆ ಸಿಟ್ಟೇ ಬಂತು. ಅಡುಗೆಮನೆಗೆ ಹೋಗಿ ದೂರು ಹೇಳಿದೆ. ಕಾಕು ಒಲೆ ಸಣ್ಣ ಮಾಡಿದಳು.

"ಅವ್ರು ರಿಟೈರ್ ಆದ ತಿಂಗಳನ ನನಗ ದಮ್ಮಿನ ಬ್ಯಾನಿ ಐತಿ ಅಂತ ಗೊತ್ತಾತು. ಮನ್ಯಾಗ ಹೊಗಿ ಆಡಬಾರದು ಅಂದ್ರು ಡಾಕ್ಟರು. ಅವತ್ತಿನಿಂದ ನಿಮ್ಮ ಕಾಕಾ ಒಂದು ಸಿಗರೇಟ್ ಮುಟ್ಟಿಲ್ಲ ನೋಡು. ನಿನ್ನ ಸಲುವಾಗಿ ಬಿಟ್ಟೇನಿ ಅಂತ ಒಂದಿನಾನೂ ಅಂದಿಲ್ಲ. ಕೇಳಿದ್ರ, ಸಿಗಾರ್ ಮಾಗಲಿ, ಆಮ್ಯಾಲೆ ಅದನ್ನ ಸೇದ್ತೇನಿ ಅಂತಾರ."

ಇಷ್ಟು ವರ್ಷ ನಾನು ಆ ಮನುಷ್ಯನನ್ನು ನೋಡಿ ನಕ್ಕಿದ್ದೆ. ನಾಚಿಕೆಯಾಯಿತು.

ಅಂದು ಸೋಮವಾರ. ಹುಟ್ಟುಹಬ್ಬದ ಗದ್ದಲದಲ್ಲಿ ಕಾಕಾ ಪೆಟ್ಟಿಗೆಯನ್ನು ಮರೆತಿದ್ದ. ಕಾಕು ತಾನೇ ಬಟ್ಟೆ ತೋಯಿಸಿ ತಂದು, ಮುಚ್ಚಳ ತೆಗೆದು, ಒಂದೊಂದೇ ಸಿಗಾರನ್ನು ಮಗುಚಿದಳು. ಒಂದನ್ನು ಮೂಗಿನ ಹತ್ತಿರ ಹಿಡಿದಳು.

"ಮಾಗ್ಯಾವೇನು ಕಾಕು?" ಎಂದೆ.

ಅವಳು ಪಡಸಾಲೆಯಲ್ಲಿ ಕುಳಿತ ಕಾಕಾನಿಗೂ ಕೇಳಿಸುವಂತೆ ಹೇಳಿದಳು:

"ಇಲ್ಲಪಾ. ಇನ್ನೂ ಒಂದು ಇಪ್ಪತ್ತು ವರ್ಷಾದ್ರೂ ಬೇಕು."