ಮಂಚಯ್ಯನ ಎಕ್ಸ್‌ಟೆನ್ಷನ್ನು

ನಾಗಮಂಗಲದ ಬಸ್‌ಸ್ಟ್ಯಾಂಡ್ ಹತ್ತಿರ ದೇವರಾಜು ಅವರದೊಂದು ಆನ್‌ಲೈನ್ ಅರ್ಜಿ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಮಂಚಯ್ಯ ಬ್ರೌಸರಿಗೆ ಒಂದು ಎಕ್ಸ್‌ಟೆನ್ಷನ್ ಮಾಡಿದ್ದೇ ಅವನ ತಲೆನೋವಿಗೆ ಮೂಲ. ಒಂದು ಕಮ್ಯಾಂಡು ಟೈಪು ಮಾಡಿದರೆ ಸಾಕು, ಬೇಕಾದ ಅರ್ಜಿ ತಾನೇ ತೆರೆದು ಅರ್ಧ ಖಾನೆಗಳನ್ನು ತಾನೇ ತುಂಬಿಕೊಳ್ಳುತ್ತಿತ್ತು. ಆದರೆ ಪಿಂಚಣಿಗೆ ಪಿಎನ್ ನಾಲ್ಕು, ರೇಷನ್ ಕಾರ್ಡಿಗೆ ಆರ್‌ಎಕ್ಸ್ ಒಂಬತ್ತು ಎಂಬಂಥ ಕಮ್ಯಾಂಡುಗಳು ಮಾಡಿದವನನ್ನು ಬಿಟ್ಟರೆ ಇನ್ನಾರಿಗೂ ನೆನಪಿರುತ್ತಿರಲಿಲ್ಲ. ಗೋಡೆಗೆ ಅಂಟಿಸಿದ್ದ ಪಟ್ಟಿಯ ಮೇಲೆ ಜೊತೆ ಕೆಲಸದ ಚೌಡಯ್ಯ ಕ್ಯಾಲೆಂಡರು ತೂಗುಹಾಕಿದ್ದ. ಹಾಗಾಗಿ ಮಂಚಯ್ಯ ಊಟಕ್ಕೆ ಕೂತರೂ ಫೋನು, ಕ್ಷೌರಕ್ಕೆ ಕೂತರೂ ಫೋನು. ಒಮ್ಮೆಯಂತೂ ಅರ್ಧ ಮುಖದ ಗಡ್ಡ ಹಾಗೇ ಇಟ್ಟುಕೊಂಡು ಓಡಿಬಂದಿದ್ದ.

ಆ ಬುಧವಾರ ಮಾತ್ರ ಅವನು ಮಧ್ಯಾಹ್ನವೇ ಹೊರಡಬೇಕಿತ್ತು. ಕೆ.ಆರ್. ಪೇಟೆಯಲ್ಲಿ ಅವನಿಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಶಾಲೆ ಕಾಯಂ ಆಗಿ ಮುಚ್ಚಿ, ಸಂಜೆ ಬೆಂಗಳೂರಿನ ಮೇಲೆ ಬೆಳಗಾವಿಗೆ, ಮಗಳ ಮನೆಗೆ ಹೊರಟಿದ್ದರು. ಹತ್ತನೇ ತರಗತಿ ಫೇಲಾಗಿ ಮಾತೇ ಬಿಟ್ಟಿದ್ದ ಹುಡುಗನನ್ನು ಏನೂ ಕೇಳದೆ ಯಂತ್ರದ ಮುಂದೆ ಕೂರಿಸಿ, ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಇಟ್ಟವರು ಅವರು. ಹದಿಮೂರು ವರ್ಷದಲ್ಲಿ ಮಂಚಯ್ಯ ಅವರಿಗೆ ಒಂದು ಸಲವೂ ಬಾಯಿಬಿಟ್ಟು ಉಪಕಾರ ಆಯ್ತು ಅಂದಿರಲಿಲ್ಲ. ಅದು ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವನ ಎಣಿಕೆ. ಇಂದು ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ.

ದೇವರಾಜು ಬೇಡ ಅನ್ನಲಿಲ್ಲ. ಷರತ್ತು ಒಂದೇ. "ನೀನಿಲ್ದೆ ಇವ್ರು ಕೆಲ್ಸ ಮಾಡ್ಬೇಕು. ಎಲ್ರಿಗೂ ನೆಪ್ಪಿರೋ ಅಂಥ ಕಮ್ಯಾಂಡು ಮಡುಗು. ಎರಡ್ ಗಂಟೆಗೆ ನೋಡ್ತೀನಿ. ಇವ್ರ್ ಕೈಲಿ ಆಯ್ತೋ, ನೀನು ಬಸ್ ಅತ್ತು."

ದೇವರ ಹೆಸರನ್ನು ಯಾರೂ ಮರೆಯುವುದಿಲ್ಲವೆಂದು ಮಂಚಯ್ಯ ಪಿಂಚಣಿಗೆ ರಂಗನಾಥ ಎಂದಿಟ್ಟ. ಪಕ್ಕದ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಪದ್ಮ ಕಾದ ಕಾವಲಿ ಮುಟ್ಟಿದವರಂತೆ ಕೀಬೋರ್ಡಿನಿಂದ ಕೈ ತೆಗೆದರು.

"ಅದು ನಮ್ಮನೆಯವ್ರ ಹೆಸರು ಕಣಪ್ಪ. ಹದಿನೆಂಟು ವರ್ಷದಿಂದ ಬಾಯಲ್ಲಿ ಬಂದಿಲ್ಲ. ಈಗ ಬೆರಳಲ್ಲಿ ಬರಿಸ್ತೀಯಾ?"

ಟೈಪು ಮಾಡುವುದು ಹೇಳಿದ ಹಾಗಲ್ಲ ಅಂದ. ಪರದೆಯ ಮೇಲೆ ಅಷ್ಟು ದಪ್ಪಕ್ಕೆ ಕಾಣುತ್ತದಲ್ಲ ಎಂದು ಅವರು ಕೇಳಿದರು. ಬೇರೆ ದೇವರನ್ನು ಇಡಹೋದರೆ ಚೌಡಯ್ಯನ ತಕರಾರು. ಅವನ ಬುತ್ತಿಯಲ್ಲಿ ಮೀನಿನ ಸಾರು. ಆ ಕೈಯಲ್ಲಿ ದೇವರ ಹೆಸರು ಮುಟ್ಟುವಂತಿಲ್ಲ. ಮುಟ್ಟಿದ ಮೇಲೆ ತಪ್ಪಾದರೆ, ದೇವರನ್ನು ಒಂದೊಂದೇ ಅಕ್ಷರ ಅಳಿಸಿದ ಪಾಪ ಯಾರಿಗೆ ಎಂದೂ ಕೇಳಿದ.

ಮಂಚಯ್ಯ ದೇವರನ್ನು ಬಿಟ್ಟು ಊಟಕ್ಕಿಳಿದ. ಪಿಂಚಣಿಗೆ ಮುದ್ದೆ, ರೇಷನ್ನಿಗೆ ಉಪ್ಸಾರು, ಆದಾಯ ಪತ್ರಕ್ಕೆ ಪಾಯಸ. ಎಲ್ಲರೂ ತಲೆಯಾಡಿಸಿದರು. ಮರಣ ಪತ್ರದ ಸರದಿ ಬಂದಾಗ ಯಾವ ಅಡುಗೆಯೂ ಹೊಂದಲಿಲ್ಲ. ಕೊನೆಗೆ ಚೌಡಯ್ಯ, ತಿಥಿಗೆ ಹೇಗೂ ಮಾಡುತ್ತಾರಲ್ಲ, ವಡೆ ಇರಲಿ ಅಂದ. ಒಳಗೆ ಕೂತಿದ್ದ ದೇವರಾಜು ಕಚ್ಚಿದ್ದ ವಡೆಯನ್ನು ಬಾಯಿಂದ ತೆಗೆದು ಕಾಗದದ ಮೇಲಿಟ್ಟರು. ವಡೆ ಕೊಟ್ಟು ನಿಂತಿದ್ದ ಪಕ್ಕದ ಹೋಟೆಲಿನ ಕೆಂಪಣ್ಣ ಮುಂದೆ ಬಂದ.

"ಸಾವಿಗೆ ನನ್ ವಡೆನೇ ಬೇಕಾಗಿತ್ತೇನ್ಲಾ ಚೌಡ? ನಾಳೆಯಿಂದ ಯಾವನ್ಲಾ ತಿಂತಾನೆ?"

ಊರುಗಳ ಹೆಸರಿಡಿ ಎಂದು ಅವನೇ ಸಲಹೆಯನ್ನೂ ಕೊಟ್ಟ. ಶೀಳನೆರೆ ಎಂದ ಕೂಡಲೇ ಚೌಡಯ್ಯ ಮುಖ ತಿರುಗಿಸಿದ. ಆ ಊರಿನ ಬೀಗರ ಮನೆಯಲ್ಲಿ ನೀರೂ ಕುಡಿಯದವನು ಅವನು. ಗಂಟೆ ಒಂದೂವರೆಯಾಯಿತು. ಮಂಚಯ್ಯ ಗೆಲ್ಲುವ ಆಸೆ ಬಿಟ್ಟು ತಲೆ ಮೇಲೆ ಕೈಯಿಟ್ಟು ಕೂತ.

"ನಿನ್ ಎಸ್ರೇ ಮಡುಗ್ಲಾ," ಅಂದರು ದೇವರಾಜು. "ಎಂಗೂ ಎಲ್ಲಾದ್ಕೂ ನಿನ್ನೇ ತಾನೆ ಕೂಗೋದು."

ಮಂಚಯ್ಯ ಬೆರಗಾದ. ಅವನು ಅಲ್ಲಿ ಯಾರ ಗಂಡನೂ ಅಲ್ಲ, ದೇವರಲ್ಲ, ಎಣ್ಣೆಯಲ್ಲಿ ಕರಿದದ್ದೂ ಅಲ್ಲ. ಮಂಚಯ್ಯ ಅಂತ ಟೈಪು ಮಾಡಿದರೆ ಎಲ್ಲ ಅರ್ಜಿಗಳೂ ಸಾಲಾಗಿ ನಿಲ್ಲುವಂತೆ ಮಾಡಿದ. ಬೇಕಾದದ್ದನ್ನು ಒತ್ತಿದರಾಯಿತು.

ಎರಡು ಗಂಟೆಗೆ ಚಿಕ್ಕಬೋರಮ್ಮ ಎಂಬ ಮುದುಕಿ ಪಿಂಚಣಿಗೆಂದು ಬಂದಳು. ಚೌಡಯ್ಯ ರಾಗಿ ಹೆಕ್ಕುವ ಕೋಳಿಯಂತೆ ಒಂದೇ ಬೆರಳಲ್ಲಿ ಕುಕ್ಕಿ ಎರಡೇ ನಿಮಿಷಕ್ಕೆ ಅರ್ಜಿ ಮುಗಿಸಿದ. ಮುಂದಿನದನ್ನು ಪದ್ಮ ಮುಗಿಸಿದರು. ದೇವರಾಜು ಹಿಗ್ಗಿಹೋಗಿ, ಇವತ್ತು ಈ ಹುಡುಗನಿಗೆ ಫೋನ್ ಮಾಡಿದವರನ್ನು ಸುಮ್ಮನೆ ಬಿಡುವುದಿಲ್ಲ ಎಂದರು. ಮಾಡುವುದಿಲ್ಲವೆಂದು ಪದ್ಮ ಕೀಬೋರ್ಡಿನ ಮೇಲೇ ಕೈಯಿಟ್ಟು ಹೇಳಿದರು. ಇಷ್ಟು ಒಳ್ಳೆಯ ಜನರ ನಡುವೆ ಇದ್ದೂ ತಾನು ದಿನವೂ ಗೊಣಗಿದೆನಲ್ಲ ಎಂದು ಮಂಚಯ್ಯನ ಕಣ್ಣು ತೇವವಾಯಿತು.

ಬಸ್ಸಿನಲ್ಲಿ ಫೋನು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಕೆಟ್ಟಿದೆಯೇನೋ ಎಂದು ಮೂರು ಬಾರಿ ತೆಗೆದು ನೋಡಿದ. ಅಂಗಡಿ ಸೇರಿದ ನಾಲ್ಕು ವರ್ಷದಲ್ಲಿ ಅಂಥ ಮೌನ ಅವನಿಗೆ ಸಿಕ್ಕಿರಲಿಲ್ಲ. ಆ ಮೌನದಲ್ಲಿ ಹೇಳಬೇಕಾದ ಮಾತನ್ನು ತುಟಿಯೊಳಗೇ ಮತ್ತೆ ಮತ್ತೆ ಹೇಳಿಕೊಂಡ. ನಡುದಾರಿಯಲ್ಲಿ ಎದುರಿನ ಬಸ್ಸು ಸಿಕ್ಕಿ, ಇಬ್ಬರು ಡ್ರೈವರುಗಳೂ ಕಿಟಕಿಯಲ್ಲೇ ಅರ್ಧ ನಿಮಿಷ ಮಾತಾಡಿಕೊಂಡರು.

ಮೇಷ್ಟ್ರ ಮನೆಗೆ ಬೀಗ. ಪಕ್ಕದ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಪುಟ್ಟಗೌರಮ್ಮ ತಲೆಯೆತ್ತಿದಳು.

"ನೀನೇನ್ ಮಗ ಇಲ್ಲಿ? ನಿನ್ನ ನೋಡ್ಕೊಂಡು ಅಲ್ಲಿಂದ್ಲೇ ಬೆಂಗ್ಳೂರ್ ಬಸ್ ಅತ್ತೀನಿ ಅಂತ ಮೇಷ್ಟ್ರು ಎರಡೂವರೆಗೇ ನಾಗಮಂಗ್ಲಕ್ಕೆ ಓದ್ರಲ್ಲ."

ಮಂಚಯ್ಯ ನಿಂತಲ್ಲೇ ಅಂಗಡಿಗೆ ಫೋನ್ ಮಾಡಿದ. ಎತ್ತಿದವನು ಚೌಡಯ್ಯ. ಇವನು ಬಾಯಿ ತೆರೆಯುವ ಮೊದಲೇ ಅವನ ವರದಿ ಶುರುವಾಯಿತು. ಒಬ್ಬ ಮುದುಕರು ತಗಡಿನ ಪೆಟ್ಟಿಗೆ ಹಿಡಿದು ಬಂದು ಮಂಚಯ್ಯ ಬೇಕು ಅಂದರಂತೆ. ಬಂದವರೆಲ್ಲ ಅದನ್ನೇ ಅನ್ನುತ್ತಾರೆ, ಕೆಲಸ ಏನು ಹೇಳಿ ಅಂದನಂತೆ. ಕೆಲಸವೇನಿಲ್ಲ ಅಂದರೂ ಇವನು ಬಿಡಲಿಲ್ಲ. ಕೊನೆಗೆ ಪಾಪ ಅವರು ರೇಷನ್ ಕಾರ್ಡಿನ ವಿಳಾಸ ಬದಲಿಸಬೇಕು ಅಂದರು. ಎರಡೇ ನಿಮಿಷ. ಆಮೇಲೂ ಕೂತೇ ಇದ್ದರು. ತಮ್ಮ ಹತ್ತಿರ ಫೋನಿಲ್ಲ, ಮಂಚಯ್ಯನಿಗೆ ಫೋನ್ ಹಚ್ಚಿಕೊಡಿ ಅಂದದ್ದಕ್ಕೆ, ಇವತ್ತು ಆಗಲ್ಲ ಅಂತ ಪದ್ಮ ಖಡಾಖಂಡಿತವಾಗಿ ಹೇಳಿದರು. ಅಷ್ಟರಲ್ಲಿ ಬೆಂಗಳೂರು ಬಸ್ಸು ಬಂತು. ಚೌಡಯ್ಯನೇ ಓಡಿಹೋಗಿ ಕಿಟಕಿಯಲ್ಲಿ ಟವೆಲು ಹಾಕಿ ಸೀಟು ಹಿಡಿದುಕೊಟ್ಟ. ಬಸ್ಸು ಹೋಗಿ ಹತ್ತು ನಿಮಿಷ.

"ಅವ್ರು ಏನಾದ್ರೂ ಅಂದ್ರಾ ಚೌಡಣ್ಣ?"

"ಏನೂ ಇಲ್ಲ ಕಣ್ಲಾ. ಪರದೆ ಮ್ಯಾಲೆ ನಿನ್ ಎಸ್ರು ಬಂದುದ್ನೇ ನೋಡ್ತಾ ಕುಂತಿದ್ರು. ಕನ್ನಡಕ ಒರುಸ್ಕಂಡ್ರು."

ಮಂಚಯ್ಯ ಬೀಗವನ್ನೇ ನೋಡುತ್ತ ನಿಂತ. ದಾರಿಯುದ್ದಕ್ಕೂ ಹದ ಮಾಡಿಟ್ಟುಕೊಂಡಿದ್ದ ಮಾತು ಬಾಯಲ್ಲೇ ಇತ್ತು. ಅದನ್ನು ಎಲ್ಲಾದರೂ ಇಳಿಸಲೇಬೇಕಿತ್ತು.

"ನಿಮ್ಮಿಂದ ಉಪಕಾರ ಆಯ್ತು ಚೌಡಣ್ಣ."

"ಅದ್ಕೇನ್ಲಾ, ಬುಡು," ಅಂದ ಚೌಡಯ್ಯ, ಉಬ್ಬಿಹೋಗಿ. "ಇಲ್ಲಿ ನಾವಿದ್ದೀವಿ. ನೀನು ಗಾಬ್ರಿ ಬೀಳ್ದೆ, ನಿಮ್ ಮೇಷ್ಟ್ರ ತಾವ ಕುಂತ್ಕಂಡು ನಿಧಾನ್ಕೆ ಮಾತಾಡ್ಕಂಡ್ ಬಾ."